ತಿಮಿಂಗಿಲದ ಉಸಿರು: ಮಲ್ಪೆಯ ದೋಣಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮೂವತ್ತು ವರ್ಷ ಉಡುಪಿಯ ಸುತ್ತಮುತ್ತ ಪ್ರೌಢಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ನಿವೃತ್ತಿಯಾದ ಮೇಲೂ ವರ್ಷಕ್ಕೆ ನಾಲ್ಕೈದು ಸಲ ಮಕ್ಕಳನ್ನೋ ಅವರ ತಂದೆತಾಯಿಯರನ್ನೋ ಕಟ್ಟಿಕೊಂಡು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದುಂಟು. ದ್ವೀಪದ ಕಲ್ಲುಕಂಬಗಳ ಬಗ್ಗೆ ಪಾಠ ಸಿದ್ಧ ಮಾಡಿಕೊಂಡು ಹೊರಟಿರುತ್ತೇನೆ. ದಾರಿಯಲ್ಲಿ ಒಂದು ಡಾಲ್ಫಿನ್ ಬೆನ್ನು ತೋರಿಸಿತೆಂದರೆ ಕಂಬಗಳ ಕಥೆ ಅಲ್ಲಿಗೇ ಮುಗಿಯಿತು. ಆಮೇಲೆ ದಡ ಮುಟ್ಟುವ ತನಕ ಎಲ್ಲರ ಪ್ರಶ್ನೆಯೂ ಉಸಿರಿನ ಮೇಲೆಯೇ. ಡಾಲ್ಫಿನ್ ಎಂದರೆ ಹಲ್ಲಿರುವ ಸಣ್ಣ ತಿಮಿಂಗಿಲವೇ ಆದ್ದರಿಂದ ಒಂದಕ್ಕೆ ಹೇಳಿದ್ದು ಬಹುಮಟ್ಟಿಗೆ ಇನ್ನೊಂದಕ್ಕೂ ಸಲ್ಲುತ್ತದೆ. ದೋಣಿಯಲ್ಲಿ ಎಂಜಿನ್ ಸದ್ದಿನ ನಡುವೆ ಕೂಗಿ ಹೇಳಿದ ಉತ್ತರಗಳನ್ನು ಇಲ್ಲಿ ಸಾವಕಾಶವಾಗಿ ಬರೆದಿದ್ದೇನೆ.

ತಿಮಿಂಗಿಲ ಮೀನಲ್ಲವೇ? ನೀರಿನಲ್ಲೇ ಇರುವ ಪ್ರಾಣಿ ಉಸಿರಿಗೆ ಮೇಲೇಕೆ ಬರಬೇಕು?

ಮೀನಲ್ಲ. ನಮ್ಮ ಹಾಗೆ, ಹಟ್ಟಿಯಲ್ಲಿರುವ ದನದ ಹಾಗೆ ಅದೂ ಸಸ್ತನಿ. ಬಿಸಿ ರಕ್ತ, ಎರಡು ಶ್ವಾಸಕೋಶ, ಮರಿಗೆ ಮೊಲೆಹಾಲು. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಕೊಳ್ಳುವ ಕಿವಿರು ಅದಕ್ಕಿಲ್ಲ. ಹಾಗಾಗಿ ಪ್ರತಿ ಉಸಿರಿಗೂ ನೀರಿನ ಮೇಲಕ್ಕೆ ಬರಲೇಬೇಕು.

ನಂಬದವರಿಗೆ ಬಾಲ ನೋಡಿ ಎನ್ನುತ್ತೇನೆ. ಬಂಗುಡೆಯಾಗಲಿ ಅಂಜಲ್ ಆಗಲಿ ಬಾಲವನ್ನು ಎಡಕ್ಕೆ ಬಲಕ್ಕೆ ಬೀಸಿ ಈಜುತ್ತದೆ. ತಿಮಿಂಗಿಲದ ಬಾಲ ಮೇಲೆ ಕೆಳಗೆ ಆಡುತ್ತದೆ, ಓಡುವ ನಾಯಿಯ ಬೆನ್ನು ಬಾಗಿ ಏಳುವ ಹಾಗೆ. ನೆಲದ ಮೇಲೆ ಓಡಾಡಿಕೊಂಡಿದ್ದ ಪೂರ್ವಜರ ಬೆನ್ನೆಲುಬನ್ನು ಅದು ಕಡಲಿಗೆ ಹೋದ ಮೇಲೂ ಬಿಟ್ಟಿಲ್ಲ.

ಗೊಂದಲ ಹುಟ್ಟಿಸುವ ಪ್ರಾಣಿ ಬೇರೆ ಇದೆ. ಮೈಮೇಲೆ ಬಿಳಿ ಚುಕ್ಕೆಗಳಿರುವ ತಿಮಿಂಗಿಲ ಶಾರ್ಕ್ ಹೆಸರಿನಲ್ಲಿ ಮಾತ್ರ ತಿಮಿಂಗಿಲ, ಜಾತಿಯಲ್ಲಿ ಅಪ್ಪಟ ಮೀನು. ಕಿವಿರಿನಲ್ಲಿ ಉಸಿರಾಡುತ್ತದೆ, ಗಾಳಿಗಾಗಿ ಮೇಲೆ ಬರುವ ಅಗತ್ಯ ಅದಕ್ಕಿಲ್ಲ. 2001ರಿಂದ ಅದಕ್ಕೂ ಕಾನೂನಿನ ರಕ್ಷಣೆ ಇದೆ.

ಇಷ್ಟು ಕೋಟಿ ವರ್ಷ ನೀರಿನಲ್ಲಿದ್ದೂ ಕಿವಿರು ಏಕೆ ಬರಲಿಲ್ಲ?

ಏಳನೇ ತರಗತಿಯ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಇದು. ಈ ಪುಟದಲ್ಲಿ ನನಗೆ ತುಂಬ ಇಷ್ಟವಾದದ್ದೂ ಇದೇ. ಕಿವಿರು ಬಂದಿದ್ದರೆ ಅದಕ್ಕೆ ನಷ್ಟವೇ ಆಗುತ್ತಿತ್ತು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ನಮ್ಮ ಕಡಲಿನಂಥ ಬೆಚ್ಚಗಿನ ಉಪ್ಪುನೀರಿನ ಒಂದು ಲೀಟರಿನಲ್ಲಿ ಐದು ಮಿಲಿಲೀಟರ್ ಸಿಕ್ಕಿದರೆ ಪುಣ್ಯ. ಮೈ ಬೆಚ್ಚಗಿಟ್ಟುಕೊಳ್ಳಬೇಕಾದ, ನೂರು ಟನ್ ತೂಗುವ ಪ್ರಾಣಿಗೆ ಆ ಐದು ಮಿಲಿಲೀಟರಿನಲ್ಲಿ ಸಂಸಾರ ನಡೆಯುವುದಿಲ್ಲ. ಮೇಲೆ ಬಂದು ಒಂದು ಸಲ ದಂಡಿಯಾಗಿ ತುಂಬಿಕೊಂಡು ಹೋಗುವುದೇ ಲಾಭ.

ತಿಮಿಂಗಿಲಗಳ ಹಿರಿಯರು ನೆಲದಿಂದ ನೀರಿಗಿಳಿದದ್ದು ಸುಮಾರು ಐದು ಕೋಟಿ ವರ್ಷಗಳ ಹಿಂದೆ, ಅದೂ ಭಾರತ ಉಪಖಂಡದ ತೀರದಲ್ಲಿ. ಗುಜರಾತಿನ ಕಚ್ಛ್‌ನಲ್ಲಿ ಹಳೆಯ ತಿಮಿಂಗಿಲಗಳ ಪಳೆಯುಳಿಕೆಗಳು ಸಿಕ್ಕಿವೆ. ಕಾಶ್ಮೀರದ ಬಂಡೆಗಳಲ್ಲಿ ಸಿಕ್ಕಿದ ಇಂಡೋಹಯಸ್ ಎಂಬ ಪುಟ್ಟ ಜಿಂಕೆಯಂಥ ಪ್ರಾಣಿ ಅವುಗಳ ಹತ್ತಿರದ ನೆಂಟ ಎಂದು 2007ರಲ್ಲಿ ವಿಜ್ಞಾನಿಗಳು ತೋರಿಸಿದರು. ಆ ಪಳೆಯುಳಿಕೆಗಳ ಸಾಲನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಮೂಗಿನ ಹೊಳ್ಳೆ ಮೂತಿಯ ತುದಿಯಿಂದ ಸ್ವಲ್ಪ ಸ್ವಲ್ಪವೇ ಹಿಂದೆ ಸರಿದು ನೆತ್ತಿಗೆ ಏರಿದ್ದು ಕಾಣುತ್ತದೆ.

ಹಾಗಾದರೆ ತಲೆಯ ಮೇಲಿನ ತೂತು ಮೂಗೇ?

ಮೂಗೇ. ಉಸಿರುಗಂಡಿ ಎನ್ನಬಹುದು, ನೆತ್ತಿಯ ಮೂಗು ಎಂದರೂ ಸರಿ. ಹಲ್ಲಿರುವ ತಿಮಿಂಗಿಲಗಳಿಗೆ, ಎಂದರೆ ಡಾಲ್ಫಿನ್, ಸ್ಪರ್ಮ್ ತಿಮಿಂಗಿಲ ಮುಂತಾದವಕ್ಕೆ ಹೊರಗೆ ಒಂದೇ ಗಂಡಿ. ನೀಲಿ ತಿಮಿಂಗಿಲದಂತೆ ಬಾಯಲ್ಲಿ ಜರಡಿ ಇಟ್ಟುಕೊಂಡು ಸಣ್ಣ ಜೀವಿಗಳನ್ನು ಸೋಸಿ ತಿನ್ನುವವಕ್ಕೆ ಎರಡು.

ಅದರ ಬಾಗಿಲು ತಾನಾಗಿ ಮುಚ್ಚಿಯೇ ಇರುತ್ತದೆ. ತೆರೆಯಲು ಸ್ನಾಯು ಎಳೆಯಬೇಕು, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ನಮ್ಮದು ತದ್ವಿರುದ್ಧ. ನಮ್ಮ ಮೂಗು ಯಾವಾಗಲೂ ತೆರೆದೇ ಇರುತ್ತದೆ, ಮುಚ್ಚಬೇಕಾದರೆ ಕೈ ಬೇಕು. ಕೆರೆಗೆ ಹಾರುವ ಮಕ್ಕಳು ಮೂಗು ಹಿಡಿದುಕೊಂಡು ಹಾರುವುದು ಅದಕ್ಕೇ.

ಅದು ಚಿಮ್ಮಿಸುವ ಕಾರಂಜಿ ಕುಡಿದ ನೀರಲ್ಲವೇ?

ಅಲ್ಲ. ಮಕ್ಕಳ ಪುಸ್ತಕಗಳಲ್ಲಿ ಚಿತ್ರಕಾರರು ತಿಮಿಂಗಿಲದ ತಲೆಯ ಮೇಲೆ ಉದ್ಯಾನವನದ ಕಾರಂಜಿಯನ್ನು ಕೂರಿಸಿ ಕೂರಿಸಿ ಈ ನಂಬಿಕೆ ಗಟ್ಟಿಯಾಗಿದೆ. ಆ ಗಂಡಿಯ ಕೆಳಗಿರುವುದು ಶ್ವಾಸಕೋಶ. ಅಲ್ಲಿ ಬಕೆಟ್‌ಗಟ್ಟಲೆ ನೀರಿದ್ದರೆ ಪ್ರಾಣಿ ಬದುಕುತ್ತಿರಲಿಲ್ಲ.

ಹೊರಬರುವುದು ಉಸಿರು. ಒತ್ತಿ ಇಟ್ಟಿದ್ದ ಬೆಚ್ಚಗಿನ, ತೇವದ ಗಾಳಿ ಒಮ್ಮೆಗೇ ಹೊರಗೆ ನುಗ್ಗಿದಾಗ ಹಿಗ್ಗಿ ತಣ್ಣಗಾಗಿ ಅದರೊಳಗಿನ ಆವಿ ಮಂಜಾಗುತ್ತದೆ. ಗಂಡಿಯ ಸುತ್ತ ನಿಂತಿದ್ದ ಕಡಲ ನೀರು, ಒಳಗಿನ ಲೋಳೆ ಎಲ್ಲವೂ ಸಣ್ಣ ಹನಿಗಳಾಗಿ ಅದರ ಜೊತೆ ಹಾರುತ್ತವೆ. ನೀಲಿ ತಿಮಿಂಗಿಲದ ಈ ಉಸಿರು ಸುಮಾರು 9 ಮೀಟರ್ ಎತ್ತರಕ್ಕೆ, ಎಂದರೆ ಮೂರು ಮಹಡಿಯ ಮನೆಯಷ್ಟು ಮೇಲಕ್ಕೆ ಹೋಗುತ್ತದೆ. ಸ್ಪರ್ಮ್ ತಿಮಿಂಗಿಲದ ಗಂಡಿ ತಲೆಯ ತುದಿಯಲ್ಲಿ ಎಡಕ್ಕೆ ವಾಲಿಕೊಂಡಿರುವುದರಿಂದ ಅದರ ಉಸಿರು ನೆಟ್ಟಗೆ ಏಳದೆ ಮುಂದಕ್ಕೆ, ಎಡಕ್ಕೆ ಓರೆಯಾಗಿ ಹಾರುತ್ತದೆ. ಅನುಭವಿಗಳು ದೂರದಿಂದಲೇ ಉಸಿರಿನ ಆಕಾರ ನೋಡಿ ಯಾವ ತಿಮಿಂಗಿಲ ಎಂದು ಹೇಳುತ್ತಾರೆ. ಈಗಂತೂ ಡ್ರೋನ್ ಹಾರಿಸಿ ಆ ಹನಿಗಳನ್ನು ತಟ್ಟೆಯಲ್ಲಿ ಹಿಡಿದು ತಿಮಿಂಗಿಲದ ಆರೋಗ್ಯ ಪರೀಕ್ಷೆ ಮಾಡುವ ಕ್ರಮ ಬಂದಿದೆ.

ಹತ್ತಿರದಿಂದ ನಾನು ಕಂಡದ್ದು ಡಾಲ್ಫಿನ್ ಉಸಿರು ಮಾತ್ರ. ಒಮ್ಮೆ ಡಿಸೆಂಬರಿನ ಬೆಳಿಗ್ಗೆ ದೋಣಿಯವರು ಎಂಜಿನ್ ನಿಲ್ಲಿಸಿದ್ದರು. ಕಡಲು ಎಣ್ಣೆ ಸುರಿದ ಹಾಗೆ ನಯವಾಗಿತ್ತು. ನನ್ನ ಮೊಣಕೈಯಿಂದ ನಾಲ್ಕು ಮಾರು ಆಚೆ ನೀರು ಸೀಳಿ ಬೂದುಬಣ್ಣದ ನೆತ್ತಿಯೊಂದು ಎದ್ದಿತು. ಅರ್ಧಚಂದ್ರದಂಥ ಸೀಳು ತೆರೆಯಿತು, ಸಿಟಿ ಬಸ್ಸಿನ ಏರ್ ಬ್ರೇಕ್ ಬಿಟ್ಟ ಹಾಗೆ "ಫುಸ್" ಎಂದಿತು, ಮುಚ್ಚಿಕೊಂಡಿತು. ನಾನು ರೆಪ್ಪೆ ಬಡಿಯುವಷ್ಟರಲ್ಲಿ ಉಸಿರು ಬಿಟ್ಟದ್ದೂ ಆಗಿತ್ತು, ಎಳೆದುಕೊಂಡದ್ದೂ ಆಗಿತ್ತು. ಗಾಳಿಯಲ್ಲಿ ಉಳಿದದ್ದು ಹಳೆಯ ಮೀನುಬುಟ್ಟಿಯ ವಾಸನೆ. ಪಕ್ಕದಲ್ಲಿ ಕುಳಿತಿದ್ದ ಹುಡುಗ, "ಮಾಸ್ಟ್ರೇ, ಇದು ಹಲ್ಲು ಉಜ್ಜುವುದಿಲ್ಲವೇ?" ಎಂದ.

ಬಾಯಿಯಿಂದ ಉಸಿರಾಡುವುದಿಲ್ಲವೇ?

ಇಲ್ಲ. ನಮಗೆ ಅನ್ನದ ದಾರಿಯೂ ಗಾಳಿಯ ದಾರಿಯೂ ಗಂಟಲಿನಲ್ಲಿ ಕೂಡುತ್ತವೆ, ಅದಕ್ಕೇ ಊಟದ ನಡುವೆ ಮಾತಾಡಿದರೆ ನೆತ್ತಿಗೇರುವುದು. ಡಾಲ್ಫಿನ್‌ನಂಥವುಗಳಲ್ಲಿ ಧ್ವನಿಪೆಟ್ಟಿಗೆ ಬಾತುಕೋಳಿಯ ಕೊಕ್ಕಿನ ಹಾಗೆ ಮೇಲಕ್ಕೆ ಚಾಚಿ ಮೂಗಿನ ದಾರಿಯೊಳಗೆ ಭದ್ರವಾಗಿ ಕೂತಿರುತ್ತದೆ. ಬಾಯಲ್ಲಿ ಮೀನು, ಸುತ್ತ ನೀರು ಇದ್ದರೂ ಗಾಳಿಯ ಕೊಳವೆಗೆ ಹನಿ ಇಳಿಯುವುದಿಲ್ಲ.

ಎಷ್ಟು ಹೊತ್ತು ದಮ್ಮು ಕಟ್ಟುತ್ತದೆ?

ಯಾವ ತಿಮಿಂಗಿಲ ಎಂದು ಮೊದಲು ಹೇಳಬೇಕು. ನಮ್ಮ ತೀರದ ಡಾಲ್ಫಿನ್‌ಗಳು ಕೆಲವೇ ನಿಮಿಷಗಳಲ್ಲಿ ಮೇಲೆ ಬರುತ್ತವೆ. ನೀಲಿ ತಿಮಿಂಗಿಲ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ನಿಮಿಷ ಮುಳುಗಿರುತ್ತದೆ. ಸ್ಪರ್ಮ್ ತಿಮಿಂಗಿಲ ಬೊಂಡಾಸ್ (ಸ್ಕ್ವಿಡ್) ಬೇಟೆಗೆ ಸಾವಿರ ಮೀಟರ್ ಆಳಕ್ಕೆ ಇಳಿದು ಮುಕ್ಕಾಲು ಗಂಟೆ, ಒಂದು ಗಂಟೆ ಕಳೆದು ಬರುವುದು ಅದರ ದಿನನಿತ್ಯದ ಕೆಲಸ. ನಾವು ಹುರಿದು ತಿನ್ನುವ ಬೊಂಡಾಸ್‌ನ ದೊಡ್ಡ ದೊಡ್ಡ ದಾಯಾದಿಗಳು ಆ ಕತ್ತಲಲ್ಲಿವೆ.

ದಾಖಲೆ ಇರುವುದು ಹೆಚ್ಚು ಜನ ಹೆಸರೂ ಕೇಳದ ಪ್ರಾಣಿಯೊಂದರ ಹೆಸರಿನಲ್ಲಿ. ಅದು ಕ್ಯುವಿಯರ್ ಕೊಕ್ಕಿನ ತಿಮಿಂಗಿಲ. ಇದಕ್ಕೆ ಉಪಕರಣ ಅಂಟಿಸಿ ಅಳೆದಾಗ ಒಂದು ಸಲ 2,992 ಮೀಟರ್ ಆಳಕ್ಕೆ ಹೋದದ್ದು ದಾಖಲಾಯಿತು. ಇನ್ನೊಂದು 222 ನಿಮಿಷ, ಎಂದರೆ ಮೂರು ಗಂಟೆ ನಲವತ್ತೆರಡು ನಿಮಿಷ ಮುಳುಗಿತ್ತು. 2020ರಲ್ಲಿ ಪ್ರಕಟವಾದ ಸಂಗತಿ ಇದು. ಮೊದಲು ಓದಿದಾಗ ಮುದ್ರಣದೋಷ ಇರಬೇಕು ಎಂದುಕೊಂಡಿದ್ದೆ. ರಾತ್ರಿ ಒಂಬತ್ತಕ್ಕೆ ಯಕ್ಷಗಾನಕ್ಕೆ ಕುಳಿತವರು ಹನ್ನೆರಡೂಮುಕ್ಕಾಲಿಗೆ ಚಹಾಕ್ಕೆ ಏಳುವ ತನಕ ಒಂದೇ ಉಸಿರು!

ಶ್ವಾಸಕೋಶ ಅಷ್ಟು ದೊಡ್ಡದಿರುವುದರಿಂದ ತಾನೇ?

ಎಲ್ಲರೂ ಹೀಗೇ ಊಹಿಸುತ್ತಾರೆ, ಎಲ್ಲರೂ ಇಲ್ಲೇ ಎಡವುತ್ತಾರೆ. ನೀಲಿ ತಿಮಿಂಗಿಲದ ಶ್ವಾಸಕೋಶದಲ್ಲಿ ಸುಮಾರು 5,000 ಲೀಟರ್ ಗಾಳಿ ಹಿಡಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಬಾವಿ ಬತ್ತಿದಾಗ ಮನೆಗೆ ತರಿಸುವ ನೀರಿನ ಟ್ಯಾಂಕರನ್ನು ನೆನೆಸಿಕೊಳ್ಳಿ. ಕೇಳಲು ಭಾರಿಯಾಗಿದೆ. ಆದರೆ ಅದನ್ನು ನೂರು ಟನ್ ಮೈಗೆ ಹಂಚಿ ನೋಡಿ. ಕಿಲೋಗೆ 50 ಮಿಲಿಲೀಟರ್. ಅರುವತ್ತು ಕಿಲೋ ತೂಗುವ, ಆರು ಲೀಟರ್ ಶ್ವಾಸಕೋಶದ ಮನುಷ್ಯನಿಗೆ ಕಿಲೋಗೆ 100 ಮಿಲಿಲೀಟರ್ ಬರುತ್ತದೆ. ಲೆಕ್ಕದಲ್ಲಿ ನಾವೇ ಶ್ರೀಮಂತರು!

ಅದರ ಮೊದಲ ಜಾಣತನ ಉಸಿರು ಬದಲಿಸುವುದರಲ್ಲಿದೆ. ಸುಮ್ಮನೆ ಕುಳಿತಾಗ ನಾವು ಒಂದು ಉಸಿರಿಗೆ ಶ್ವಾಸಕೋಶದ ಗಾಳಿಯಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲನ್ನಷ್ಟೇ ಬದಲಿಸುತ್ತೇವೆ. ತಿಮಿಂಗಿಲ ಒಂದೇ ಉಸಿರಿಗೆ ನೂರಕ್ಕೆ ಎಂಬತ್ತು, ತೊಂಬತ್ತು ಪಾಲು ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬುತ್ತದೆ. ಪಾತ್ರೆ ದೊಡ್ಡದಲ್ಲ, ತೊಳೆದು ತುಂಬಿಸುವುದು ಚೊಕ್ಕಟ.

ಉಳಿದ ಎರಡು ಗುಟ್ಟುಗಳು ದಾಸ್ತಾನು ಮತ್ತು ಜಿಪುಣತನ. ಎಷ್ಟು ಗಾಳಿ ತುಂಬಿಕೊಳ್ಳುತ್ತದೆ ಎಂದು ಕೇಳುವ ಬದಲು ಎಲ್ಲಿ ಇಡುತ್ತದೆ, ಎಷ್ಟು ಕಡಿಮೆ ಖರ್ಚು ಮಾಡುತ್ತದೆ ಎಂದು ಕೇಳಬೇಕು.

ಶ್ವಾಸಕೋಶದಲ್ಲಿ ಅಲ್ಲವಾದರೆ ಆಮ್ಲಜನಕವನ್ನು ಇಡುವುದೆಲ್ಲಿ?

ರಕ್ತದಲ್ಲಿ ಮತ್ತು ಮಾಂಸದಲ್ಲಿ. ನಮ್ಮ ತೂಕದಲ್ಲಿ ನೂರಕ್ಕೆ ಸುಮಾರು ಏಳು ಪಾಲು ರಕ್ತವಾದರೆ ಸ್ಪರ್ಮ್ ತಿಮಿಂಗಿಲದಲ್ಲಿ ಇಪ್ಪತ್ತರ ಹತ್ತಿರ.

ಮಾಂಸದ ಕಥೆ ತಿಳಿಯಬೇಕಾದರೆ ಮೀನು ಮಾರುಕಟ್ಟೆಗೆ ಬನ್ನಿ. ನಾನು ಯಾವಾಗಲೂ ಮೀನು ಕೊಳ್ಳುವ ಅಕ್ಕ ಮೆಟ್ಟುಕತ್ತಿಯ ಮೇಲೆ ಮಾಂಜಿಯನ್ನು (ಪಾಂಫ್ರೆಟ್) ಸೀಳಿದಾಗ ಒಳಗೆ ತೆಂಗಿನಕಾಯಿಯಂಥ ಬಿಳುಪು. ಅದೇ ಕತ್ತಿಗೆ ಕೇದರ (ಟ್ಯೂನಾ) ಬಂತೆಂದರೆ ನಡುವಿನ ಮುಳ್ಳಿನ ಉದ್ದಕ್ಕೂ ಕಡುಗೆಂಪು, ಹೆಚ್ಚುಕಡಿಮೆ ಕಪ್ಪು ಪಟ್ಟಿ. ಕೆಲವರು ಅದನ್ನು ಕಿತ್ತು ಬೆಕ್ಕಿಗೆ ಹಾಕಿಸುತ್ತಾರೆ. "ಕೆಟ್ಟದ್ದಲ್ಲ ಮಾಸ್ಟ್ರೇ, ಅದು ಓಡುವ ಮೀನಿನ ಮಾಂಸ" ಎಂದು ಅಕ್ಕ ಒಮ್ಮೆ ಹೇಳಿದ್ದರು. ನಾನು ಹಲಗೆಯ ಮುಂದೆ ಒಂದು ಪಿರಿಯಡ್ ತೆಗೆದುಕೊಂಡು ಹೇಳುತ್ತಿದ್ದದ್ದನ್ನು ಅವರು ಒಂದು ಸಾಲಿನಲ್ಲಿ ಮುಗಿಸಿದರು. ಆ ಕಪ್ಪಿಗೆ ಕಾರಣ ಮಯೋಗ್ಲೋಬಿನ್ ಎಂಬ ಪ್ರೋಟೀನ್. ರಕ್ತದಲ್ಲಿ ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತು ತಿರುಗುತ್ತದೆ, ಸ್ನಾಯುವಿನಲ್ಲಿ ಮಯೋಗ್ಲೋಬಿನ್ ಅದನ್ನು ಹಿಡಿದು ಕೂಡಿಡುತ್ತದೆ. ಆಳಕ್ಕೆ ಹೋಗುವ ತಿಮಿಂಗಿಲದ ಮಾಂಸದಲ್ಲಿ ಇದು ಎಷ್ಟಿದೆಯೆಂದರೆ ಕೇದರದ ಆ ಪಟ್ಟಿಯ ಬಣ್ಣ ಇಡೀ ಮೈಗೆ ಬಂದು, ಮಾಂಸ ಕಪ್ಪಾಗಿಯೇ ಕಾಣುತ್ತದೆ. ಪ್ರತಿ ಸ್ನಾಯುವೂ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಹೊರಟ ಹಾಗೆ.

ಪ್ರೋಟೀನ್ ಇಷ್ಟು ದಟ್ಟವಾಗಿ ತುಂಬಿದರೆ ಒಂದಕ್ಕೊಂದು ಅಂಟಿ ಗಂಟಾಗಬೇಕಿತ್ತು. ತಿಮಿಂಗಿಲದ ಮಯೋಗ್ಲೋಬಿನ್ ಅಣುಗಳ ಮೇಲ್ಮೈಯಲ್ಲಿ ಧನ ವಿದ್ಯುದಂಶ ಹೆಚ್ಚಿದ್ದು, ಅಯಸ್ಕಾಂತದ ಒಂದೇ ಧ್ರುವಗಳಂತೆ ಅವು ಪರಸ್ಪರ ದೂರ ತಳ್ಳಿಕೊಳ್ಳುತ್ತವೆ ಎಂದು 2013ರಲ್ಲಿ ಗೊತ್ತಾಯಿತು. ಇನ್ನೊಂದು ಮಾತು: ಮನುಷ್ಯ ಮೊತ್ತಮೊದಲು ಒಳರಚನೆಯನ್ನು ಬಿಡಿಸಿ ನೋಡಿದ ಪ್ರೋಟೀನ್ ಇದೇ, ಅದೂ ಸ್ಪರ್ಮ್ ತಿಮಿಂಗಿಲದ್ದು. 1958ರಲ್ಲಿ ಜಾನ್ ಕೆಂಡ್ರೂ ಮಾಡಿದ ಈ ಕೆಲಸಕ್ಕೆ 1962ರ ನೊಬೆಲ್ ಬಂತು, ಹಿಮೋಗ್ಲೋಬಿನ್ ಮೇಲೆ ದುಡಿದ ಮ್ಯಾಕ್ಸ್ ಪೆರುಟ್ಜ್ ಜೊತೆಗೆ. ಆಳಕ್ಕೆ ಮುಳುಗುವ ಪ್ರಾಣಿಯ ಮಾಂಸದಲ್ಲಿ ಬೇಕಾದಷ್ಟು ಸಿಗುತ್ತದೆ ಎಂದೇ ಅದನ್ನು ಆರಿಸಿಕೊಂಡದ್ದು.

ಜಿಪುಣತನ ಎಂದಿರಲ್ಲ, ಅದು ಹೇಗೆ?

ಮುಳುಗಿದ ಕೂಡಲೇ ಹೃದಯದ ಬಡಿತ ಇಳಿಯುತ್ತದೆ. 2019ರಲ್ಲಿ ಅಮೆರಿಕದ ಮಾಂಟೆರಿ ಕೊಲ್ಲಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ನೀಲಿ ತಿಮಿಂಗಿಲಕ್ಕೆ ಉಪಕರಣ ಅಂಟಿಸಿ ಪಡೆದ ಲೆಕ್ಕವನ್ನು ಪ್ರಕಟಿಸಿತು. ನೀರಿನ ಮೇಲೆ ಉಸಿರು ತುಂಬಿಕೊಳ್ಳುವಾಗ ನಿಮಿಷಕ್ಕೆ 25ರಿಂದ 37 ಬಡಿತ. ಆಳದಲ್ಲಿ ನಾಲ್ಕರಿಂದ ಎಂಟು, ಅತಿ ಕಡಿಮೆ ಎಂದರೆ ಎರಡೇ ಎರಡು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ನಿಮಿಷ.

ಇದರ ಜೊತೆಗೆ ರಕ್ತದ ಹಂಚಿಕೆಯೂ ಬದಲಾಗುತ್ತದೆ. ಚರ್ಮ, ಜಠರ, ಕರುಳಿನ ಕಡೆ ಹೋಗುವ ನಾಳಗಳು ಬಿಗಿಯುತ್ತವೆ. ಮಿದುಳು, ಹೃದಯಕ್ಕೆ ಮಾತ್ರ ಸರಬರಾಜು ತಪ್ಪುವುದಿಲ್ಲ. ಸ್ನಾಯುಗಳಿಗೆ ಹೇಗೂ ಬುತ್ತಿ ಇದೆ. ಈಜುವುದರಲ್ಲೂ ಉಳಿತಾಯ. ಕೆಳಗಿಳಿಯುವಾಗ ಬಹುಪಾಲು ದೂರ ಬಾಲ ಆಡಿಸದೆ ಜಾರಿಕೊಂಡು ಹೋಗುತ್ತದೆ.

ನಾನೂ ಅಭ್ಯಾಸ ಮಾಡಿದರೆ ಸಾಧ್ಯವೇ?

ಸ್ವಲ್ಪ ಮಟ್ಟಿಗೆ ಸಾಧ್ಯ. ತಣ್ಣೀರಿನಲ್ಲಿ ಮುಖ ಅದ್ದಿದರೆ ನಮ್ಮ ಹೃದಯವೂ ನಿಧಾನವಾಗುತ್ತದೆ, ಆ ಹಳೆಯ ಬುದ್ಧಿ ಎಲ್ಲ ಸಸ್ತನಿಗಳಲ್ಲೂ ಇದೆ. ಬಂಡೆಗಳಿಂದ ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ಕೀಳುವವರು ಒಂದು ಒಂದೂವರೆ ನಿಮಿಷ ಸಲೀಸಾಗಿ ಮುಳುಗಿರುತ್ತಾರೆ. ಮೊದಲೇ ಶುದ್ಧ ಆಮ್ಲಜನಕ ಸೇದದೆ ಕದಲದೆ ತೇಲುತ್ತ ಉಸಿರು ಹಿಡಿದ ಸ್ಪರ್ಧೆಯಲ್ಲಿ 2009ರಲ್ಲಿ ಫ್ರಾನ್ಸಿನ ಸ್ಟೆಫಾನ್ ಮಿಫ್ಸುದ್ 11 ನಿಮಿಷ 35 ಸೆಕೆಂಡು ದಾಟಿಸಿದ್ದಾರೆ.

ಆದರೆ ದಯವಿಟ್ಟು ಕೆರೆಯಲ್ಲಿ, ಈಜುಕೊಳದಲ್ಲಿ ದಮ್ಮು ಕಟ್ಟುವ ಪಂದ್ಯ ಕಟ್ಟಬೇಡಿ. ಮುಳುಗುವ ಮೊದಲು ಜೋರುಜೋರಾಗಿ ಹತ್ತಿಪ್ಪತ್ತು ಸಲ ಉಸಿರೆಳೆದರೆ ಹೆಚ್ಚು ಹೊತ್ತು ಇರಬಹುದು ಎಂಬ ನಂಬಿಕೆ ಹುಡುಗರಲ್ಲಿದೆ. ಉಸಿರಾಡಬೇಕು ಎಂಬ ಚಡಪಡಿಕೆ ಹುಟ್ಟುವುದು ಆಮ್ಲಜನಕ ಇಳಿದದ್ದರಿಂದಲ್ಲ, ಇಂಗಾಲದ ಡೈಆಕ್ಸೈಡ್ ಏರಿದ್ದರಿಂದ. ಹಾಗೆ ಉಸಿರೆಳೆದಾಗ ಡೈಆಕ್ಸೈಡ್ ಖಾಲಿಯಾಗುತ್ತದೆಯೇ ಹೊರತು ಆಮ್ಲಜನಕ ಹೆಚ್ಚೇನೂ ತುಂಬುವುದಿಲ್ಲ. ಎಚ್ಚರಿಸುವ ಗಂಟೆಯನ್ನು ಕಿತ್ತಿಟ್ಟ ಹಾಗೆ. ಚಡಪಡಿಕೆಯೇ ಇಲ್ಲದೆ ಎಚ್ಚರ ತಪ್ಪುತ್ತದೆ. ನಾನು ಹನ್ನೆರಡು ವರ್ಷದವನಿದ್ದಾಗ ಊರ ಕೆರೆಯಲ್ಲಿ ಇದೇ ಪಂದ್ಯದಲ್ಲಿ ನನ್ನ ಜೊತೆಗಾರನೊಬ್ಬ ಗೆಲ್ಲುತ್ತಿದ್ದಾನೆ ಎಂದು ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಅವನು ಗೆಲ್ಲುತ್ತಿರಲಿಲ್ಲ. ಬಟ್ಟೆ ಒಗೆಯಲು ಬಂದಿದ್ದ ಅವನ ದೊಡ್ಡಮ್ಮ ಸೀರೆ ಕಚ್ಚೆ ಹಾಕಿ ಹಾರಿ ಕೂದಲು ಹಿಡಿದು ಎಳೆದದ್ದರಿಂದ ಉಳಿದ.

ಅಷ್ಟು ಆಳದ ಒತ್ತಡಕ್ಕೆ ಎದೆ ಅಪ್ಪಚ್ಚಿಯಾಗುವುದಿಲ್ಲವೇ?

ಅಪ್ಪಚ್ಚಿಯಾಗುತ್ತದೆ, ಅದೇ ಅದರ ರಕ್ಷಣೆ. ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಮೂರು ಸಾವಿರ ಮೀಟರಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಸುಮಾರು ಮುನ್ನೂರು ಕಿಲೋ ಭಾರ, ಐವತ್ತು ಕಿಲೋದ ಆರು ಅಕ್ಕಿಮೂಟೆ. ಗಟ್ಟಿ ಪಂಜರವಾಗಿದ್ದರೆ ಮುರಿಯುತ್ತಿತ್ತು. ತಿಮಿಂಗಿಲದ ಪಕ್ಕೆಲುಬುಗಳ ಕೀಲುಗಳು ಸಡಿಲ, ಎದೆ ಮಡಚಿಕೊಳ್ಳುತ್ತದೆ, ಶ್ವಾಸಕೋಶ ಕುಸಿಯುತ್ತದೆ. ಡಾಲ್ಫಿನ್‌ನಲ್ಲಿ ಇದು ಸುಮಾರು 70 ಮೀಟರಿನ ಹೊತ್ತಿಗೇ ಆಗಿರುತ್ತದೆ. ಉಳಿದ ಗಾಳಿ ಶ್ವಾಸಕೋಶದ ಗುಳ್ಳೆಗಳಿಂದ ಜಾರಿ ಮೇಲಿನ ಗಟ್ಟಿ ಕೊಳವೆಗಳಲ್ಲಿ ನಿಲ್ಲುತ್ತದೆ.

ಇದರಿಂದ ಇನ್ನೊಂದು ಉಪಕಾರ. ಸಿಲಿಂಡರ್ ಕಟ್ಟಿಕೊಂಡು ಮುಳುಗುವವರು ಒತ್ತಡದ ಗಾಳಿಯನ್ನು ಉಸಿರಾಡುತ್ತಲೇ ಇರುವುದರಿಂದ ಸಾರಜನಕ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಅವಸರದಲ್ಲಿ ಮೇಲೆ ಬಂದರೆ ಸೋಡಾ ಬಾಟಲಿಯ ಗೋಲಿ ಒತ್ತಿದ ಹಾಗೆ ಅದು ಗುಳ್ಳೆಯೇಳುತ್ತದೆ. ತಿಮಿಂಗಿಲದಲ್ಲಿ ಗಾಳಿಯೂ ರಕ್ತವೂ ಸಂಧಿಸುವ ಜಾಗವೇ ಮುಚ್ಚಿರುವುದರಿಂದ ಈ ಅಪಾಯ ಬಹಳ ಕಡಿಮೆ. ಪೂರ್ತಿ ಇಲ್ಲವೆಂದಲ್ಲ. 2002ರಲ್ಲಿ ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳ ಬಳಿ ನೌಕಾಪಡೆಗಳ ಸಮರಾಭ್ಯಾಸದ ಹೊತ್ತಿಗೆ ದಡಕ್ಕೆ ಬಿದ್ದ ಕೊಕ್ಕಿನ ತಿಮಿಂಗಿಲಗಳ ಅಂಗಾಂಗಗಳಲ್ಲಿ ಇಂಥ ಗುಳ್ಳೆಗಳ ಗುರುತು ಸಿಕ್ಕಿತು. ಸದ್ದು ಕಳಿಸಿ ನೀರಿನಡಿಯ ವಸ್ತುಗಳನ್ನು ಹುಡುಕುವ ಸೋನಾರ್ ಉಪಕರಣದ ಸದ್ದಿಗೆ ಬೆದರಿ ಅವು ತಮ್ಮ ಮುಳುಗುವ ಕ್ರಮವನ್ನೇ ಕೆಡಿಸಿಕೊಂಡಿರಬೇಕು ಎಂಬ ವಿವರಣೆ ಇದೆ. 2004ರಲ್ಲಿ ಸ್ಪೇನ್ ಆ ದ್ವೀಪಗಳ ಸುತ್ತ ಅಂಥ ಸೋನಾರ್ ಬಳಕೆಯನ್ನು ನಿಲ್ಲಿಸಿತು.

ನಿದ್ದೆ ಹೋದಾಗ ಉಸಿರಾಟ ಮರೆತುಹೋದರೆ?

ನಮ್ಮ ಉಸಿರು ತಾನಾಗಿ ನಡೆಯುತ್ತದೆ. ಅದರದು ನೆನಪಿಟ್ಟು ಮಾಡಬೇಕಾದ ಕೆಲಸ. ಆದ್ದರಿಂದ ಡಾಲ್ಫಿನ್ ಮಿದುಳಿನ ಅರ್ಧವನ್ನು ಮಾತ್ರ ಮಲಗಿಸುತ್ತದೆ. ಇನ್ನರ್ಧ ಎದ್ದು ಮೇಲೆ ಬರುವ ಕೆಲಸ ನೋಡಿಕೊಳ್ಳುತ್ತದೆ, ಆಮೇಲೆ ಪಾಳಿ ಬದಲು. ಸ್ಪರ್ಮ್ ತಿಮಿಂಗಿಲಗಳು ನೀರಿನೊಳಗೆ ನೆಟ್ಟಗೆ ಕಂಬಗಳ ಹಾಗೆ ನಿಂತು ಹತ್ತು ಹದಿನೈದು ನಿಮಿಷದ ತೂಕಡಿಕೆ ತೆಗೆಯುತ್ತವೆ. ಬಸ್ಸಿನಲ್ಲಿ ನಿಂತು ನಿದ್ದೆ ಮಾಡುವ ಕಲೆ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಮರಿ ಹುಟ್ಟಿದ ಕೂಡಲೇ ಮುಳುಗುವುದಿಲ್ಲವೇ?

ಸಾಮಾನ್ಯವಾಗಿ ಬಾಲ ಮೊದಲು, ತಲೆ ಕೊನೆಗೆ ಹೊರಬರುತ್ತದೆ. ಬಂದ ಕೂಡಲೇ ಮರಿ ಮೇಲಕ್ಕೆ ಈಜಬೇಕು. ತಾಯಿ, ಕೆಲವೊಮ್ಮೆ ಜೊತೆಯ ಹೆಣ್ಣುಗಳೂ ಅದನ್ನು ತಳ್ಳಿ ಮೊದಲ ಉಸಿರಿಗೆ ಕರೆತರುತ್ತವೆ.

ಗಂಟೆಗಟ್ಟಲೆ ದಮ್ಮು ಕಟ್ಟುವ ಜಾತಿ ನಮ್ಮ ಬಲೆಯಲ್ಲಿ ಸ್ವಲ್ಪ ಹೊತ್ತಿಗೇ ಸಾಯುವುದೇಕೆ?

ಇದನ್ನು ಕೇಳಿದವರು ಮಲ್ಪೆಯ ಒಬ್ಬ ತಾಂಡೇಲರು (ಮೀನುಗಾರಿಕೆ ಬೋಟಿನ ಮುಖ್ಯಸ್ಥರು), ತಿಳಿಯುವ ಕುತೂಹಲಕ್ಕಿಂತ ಬೇಸರದಿಂದ. ಬಲೆಗೆ ಡಾಲ್ಫಿನ್ ಬೀಳುವುದು ಯಾವ ಮೀನುಗಾರನಿಗೂ ಬೇಕಿಲ್ಲ. ಬಲೆ ಹರಿಯುತ್ತದೆ, ಹೊತ್ತು ಹಾಳು, ಮನಸ್ಸಿಗೂ ಕಸಿವಿಸಿ.

ಗಂಟೆಗಟ್ಟಲೆ ಮುಳುಗುವವು ಆಳಸಮುದ್ರದವು. ತೀರದ ಡಾಲ್ಫಿನ್‌ಗೆ ಇರುವುದೇ ಕೆಲವು ನಿಮಿಷಗಳ ಬಂಡವಾಳ. ಮೇಲೆ ಹೇಳಿದ ಜಿಪುಣತನವೆಲ್ಲ ಶಾಂತವಾಗಿದ್ದಾಗ ಮಾತ್ರ ನಡೆಯುತ್ತದೆ. ಬಲೆಯಲ್ಲಿ ಬಾಲ ಸಿಕ್ಕಿ ಒದ್ದಾಡತೊಡಗಿದರೆ ಸ್ನಾಯುವಿನ ಬುತ್ತಿ ಬೇಗನೆ ಖಾಲಿ. ಆಗಲೂ ಅದು ಬಾಯಿ ತೆರೆದು ನೀರು ಕುಡಿದು ಸಾಯುವುದು ಕಡಿಮೆ. ನೀರಿನಡಿಯಲ್ಲಿ ನೆತ್ತಿಯ ಮೂಗನ್ನು ತೆರೆಯಬಾರದು ಎಂಬ ಹಟವನ್ನು ಕೊನೆಯ ತನಕ ಬಿಡದೆ ಉಸಿರುಕಟ್ಟಿಯೇ ಸಾಯುತ್ತದೆ. ತಾಂಡೇಲರು ಕೇಳಿ ಸುಮ್ಮನಾದರು. ಮೇಲೆ ಎಳೆದ ಡಾಲ್ಫಿನ್ ಜೀವಂತವಿದ್ದರೆ ಬಲೆ ಕೊಯ್ದಾದರೂ ಬಿಡುತ್ತೇವೆ ಎಂದು ಆಮೇಲೆ ಹೇಳಿದರು.

ದಡಕ್ಕೆ ಬಂದು ಬಿದ್ದರೆ ಗಾಳಿ ಬೇಕಾದಷ್ಟು ಇರುತ್ತದಲ್ಲ, ಆಗಲೂ ಏಕೆ ಸಾಯುತ್ತದೆ? ನಾವೇನು ಮಾಡಬೇಕು?

ನೀರು ಹೊತ್ತಿದ್ದ ಭಾರವನ್ನು ದಡದಲ್ಲಿ ತಾನೇ ಹೊರಬೇಕು. ದೊಡ್ಡ ತಿಮಿಂಗಿಲದ ಎದೆಯ ಮೇಲೆ ಅದರದೇ ತೂಕ ಕುಳಿತು ಉಸಿರೆಳೆಯಲು ಬಿಡುವುದಿಲ್ಲ. ಮೈ ಬೆಚ್ಚಗಿಡುವ ಕೊಬ್ಬು ನಮ್ಮ ಬಿಸಿಲಿನಲ್ಲಿ ಮೈಯನ್ನು ಬೇಯಿಸುತ್ತದೆ. ಭರತ ಬಂದಾಗ ನೆತ್ತಿಯ ಮೂಗಿಗೆ ನೀರು ನುಗ್ಗುವುದೂ ಉಂಟು.

ಜೀವಂತ ಪ್ರಾಣಿ ಕಂಡರೆ ಮೊದಲು ಕರಾವಳಿ ಕಾವಲು ಪೊಲೀಸರ 1093ಕ್ಕೋ 112ಕ್ಕೋ ಕರೆ ಮಾಡಿ, ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ. ಅವರು ಬರುವ ತನಕ ಒದ್ದೆ ಬಟ್ಟೆ ಹೊದಿಸಿ, ನೆರಳು ಮಾಡಿ, ಮೈಗೆ ನೀರು ಹಾಕುತ್ತಿರಿ. ಉಸಿರುಗಂಡಿಯ ಮೇಲೆ ಮಾತ್ರ ಬಟ್ಟೆಯೂ ಬೇಡ, ನೀರೂ ಬೇಡ, ಮರಳೂ ಬೇಡ. ಸಹಾಯಕ್ಕೆ ಬಂದವರೇ ಕೊಡಪಾನ ಎತ್ತಿ ನೇರ ಮೂಗಿಗೆ ಸುರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಾಪ, ಮೀನು ಎಂದುಕೊಂಡಿದ್ದರು. ಬಾಲ ಹಿಡಿದು ಎಳೆಯಬೇಡಿ, ಬೆನ್ನೆಲುಬು ತಪ್ಪುತ್ತದೆ. ಬಾಲದ ಹತ್ತಿರ ನಿಲ್ಲಲೂ ಬೇಡಿ. ಮಕ್ಕಳನ್ನು ಅದರ ಮೇಲೆ ಕೂರಿಸಿ ಫೋಟೋ ತೆಗೆಯುವವರಿಗೆ ಏನು ಹೇಳಬೇಕೋ ತಿಳಿಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳಬೇಕಾದದ್ದನ್ನು ಹೇಳಿದೆ.

ತಿಮಿಂಗಿಲದ ವಾಂತಿ ಸಿಕ್ಕಿದರೆ ಕೋಟಿ ಬರುತ್ತದಂತೆ?

ಉಸಿರಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಪ್ರತಿ ಸಲ ದೋಣಿಯ ಹಿಂಬದಿಯಿಂದ ಒಬ್ಬರು ಇದನ್ನು ಕೇಳದೆ ಬಿಡುವುದಿಲ್ಲ. ಅಂಬರ್‌ಗ್ರೀಸ್ ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ, ಜೀರ್ಣವಾಗದ ಬೊಂಡಾಸ್ ಕೊಕ್ಕುಗಳ ಸುತ್ತ ಕಟ್ಟುವ ಗಡ್ಡೆ. ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಕೋಟಿ ಬರುವುದಿಲ್ಲ, ಪೊಲೀಸರು ಬರುತ್ತಾರೆ.

ಮಂಗಳೂರು, ಉಡುಪಿ ಕಡೆ ನಿಜವಾಗಿ ಏನು ಕಾಣುತ್ತದೆ? ಎಲ್ಲಿ, ಯಾವಾಗ ನೋಡಬೇಕು?

ದೊಡ್ಡ ತಿಮಿಂಗಿಲಗಳು ಅರಬ್ಬೀ ಸಮುದ್ರದಲ್ಲಿವೆ, ಆದರೆ ದಡದಿಂದ ದೂರ. ನೀಲಿ ತಿಮಿಂಗಿಲ, ಬ್ರೈಡ್ ತಿಮಿಂಗಿಲ ಇವೆ. ಬೇರೆ ಕಡಲಿನ ಬಳಗದಂತೆ ಧ್ರುವದ ಕಡೆಗೆ ವಲಸೆ ಹೋಗದೆ ಇಲ್ಲೇ ಉಳಿದ ಗೂನುಬೆನ್ನಿನ ತಿಮಿಂಗಿಲಗಳ ಸಣ್ಣ ಗುಂಪೂ ಇದೆ. ಒಮಾನ್‌ನಲ್ಲಿ 2017ರಲ್ಲಿ ಉಪಗ್ರಹ ಸಾಧನ ಅಂಟಿಸಿದ್ದ ಲುಬಾನ್ ಎಂಬ ಹೆಣ್ಣು ಅರಬ್ಬೀ ಸಮುದ್ರ ದಾಟಿ ಭಾರತದ ಪಶ್ಚಿಮ ತೀರಕ್ಕೆ ಬಂದಿತ್ತು. ಅದನ್ನು ಕಾಣುವ ಭಾಗ್ಯ ಆಳಸಮುದ್ರದ ಬೋಟಿನವರಿಗೆ, ನಮಗಲ್ಲ.

ನಮಗೆ ಸಿಗುವುದು ಬೆನ್ನ ಮೇಲೆ ಗೂನಿರುವ ಬೂದು ಡಾಲ್ಫಿನ್. ನದಿಗಳು ಕಡಲು ಸೇರುವ ಅಳಿವೆಗಳ ಸುತ್ತ, ದಡದಿಂದ ಸ್ವಲ್ಪವೇ ದೂರದಲ್ಲಿ ತಿರುಗಾಡುತ್ತದೆ. ಅದೃಷ್ಟವಿದ್ದರೆ ಬೆನ್ನುರೆಕ್ಕೆಯೇ ಇಲ್ಲದ ಕಡಲಹಂದಿಯೂ ಕಾಣಬಹುದು. ಅದು ನಾಚಿಕೆಯ ಪ್ರಾಣಿ, ಕಪ್ಪು ಟ್ಯೂಬು ಒಂದು ಕ್ಷಣ ಮಗುಚಿದ ಹಾಗೆ ಕಂಡು ಮಾಯ. ಮಳೆಗಾಲದಲ್ಲಿ ಯೋಚನೆಯೇ ಬೇಡ. ಯಾಂತ್ರಿಕ ಬೋಟುಗಳಿಗೆ ಜೂನ್, ಜುಲೈ ರಜೆ, ದ್ವೀಪದ ದೋಣಿಗಳೂ ನಿಂತಿರುತ್ತವೆ. ನವೆಂಬರಿನಿಂದ ಫೆಬ್ರವರಿಯ ತನಕ, ಗಾಳಿ ಏಳುವ ಮೊದಲಿನ ಬೆಳಿಗ್ಗೆ ಒಳ್ಳೆಯದು.

ದೋಣಿಯಲ್ಲಿ ಬಿಸಿಲು ಬೆನ್ನಿಗೆ ಬರುವಂತೆ ಕುಳಿತುಕೊಳ್ಳಿ. ರೆಕ್ಕೆ ಹುಡುಕಬೇಡಿ, ನಯವಾದ ನೀರಿನ ಮೇಲೆ ಹೊಗೆಯಂತೆ ಏಳುವ ಸಣ್ಣ ಹನಿಮಂಜನ್ನು ಹುಡುಕಿ. ಕಂಡ ಮೇಲೆ ಬೆನ್ನಟ್ಟಿಸಬೇಡಿ, ದೂರದಲ್ಲೇ ಎಂಜಿನ್ ನಿಲ್ಲಿಸಲು ದೋಣಿಯವರನ್ನು ಕೇಳಿ. ಮುಳುಗಿದ ಕೂಡಲೇ ಗಡಿಯಾರ ನೋಡಿ, ನೀವೂ ದಮ್ಮು ಕಟ್ಟಿ. ನಮ್ಮ ಗುಂಪಿನಲ್ಲಿ ಕಳೆದ ಸಲ ಮೂವತ್ತೆರಡು ಮಂದಿ ಹೀಗೆ ಮಾಡಿದರು. ಮೂವತ್ತೊಂದು ಮಂದಿ ಮುಖ ಕೆಂಪಾಗಿಸಿಕೊಂಡು ಬಿಟ್ಟರು. ಕೊನೆಯವಳು ಆ ಏಳನೇ ತರಗತಿಯ ಹುಡುಗಿ, ಅವಳೂ ಬಿಟ್ಟು ಎರಡು ನಿಮಿಷ ಕಳೆದ ಮೇಲೆ ದೋಣಿಯ ಇನ್ನೊಂದು ಬದಿಯಲ್ಲಿ "ಫುಸ್" ಎಂದಿತು.